ರುಚಿ ನೋಡಿದವರ ಸಹಿ

ಮಂಜುನಾಥ ಒಳ್ಳೆಯ ಸುದ್ದಿಯ ಕಾಗದವನ್ನು ಕೈಗೇ ಕೊಡುತ್ತಿದ್ದ. ಕೆಟ್ಟದ್ದನ್ನು ಎರಡು ಬೆರಳಲ್ಲಿ ಮೇಜಿನ ಮೇಲೆ ತಳ್ಳುತ್ತಿದ್ದ. ಆ ಮಂಗಳವಾರ ಬೆಳಿಗ್ಗೆ ಕಾಗದ ಜಾರಿಕೊಂಡು ಬಂದಾಗಲೇ ರಂಜನಿಗೆ ಅದರ ಅರ್ಧ ವಿಷಯ ತಿಳಿದುಹೋಯಿತು.

“ಓದ್ಕಳಿ ಮೇಡಂ. ಓದಿ ಒಂದು ಸೈನ್ ಆಕ್ಬುಡಿ. ಗುರುವಾರ ಫಾರಿನ್ ಇನ್ಸ್‌ಪೆಕ್ಟರು ಬರೋ ಒತ್ಗೆ ಫೈಲಲ್ಲಿ ಇರ್ಬೇಕು.”

ಅವಳು ನಿಂತೇ ಓದಿದಳು. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಲಾಟ್ ನಾನೂರ ಹದಿನೇಳರ ಸೀಗಡಿಯಲ್ಲಿ ನಿಷೇಧಿತ ಔಷಧಿಯ ಅಂಶ ಇದ್ದದ್ದು ನನ್ನ ಪರೀಕ್ಷೆಯಲ್ಲಿ ತಪ್ಪಿಹೋಗಿದೆ. ಇದು ನನ್ನೊಬ್ಬಳ ನಿರ್ಲಕ್ಷ್ಯ. ಕಂಪನಿಯ ಪಾತ್ರ ಇದರಲ್ಲಿಲ್ಲ. ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಬೇಕಾಗಿ ವಿನಂತಿ. ಕೆಳಗೆ ಅವಳ ಹೆಸರು, ಪ್ರಯೋಗಾಲಯದ ಮುಖ್ಯಸ್ಥೆ ಎಂಬ ಪದವಿ, ಸಹಿಗೆಂದು ಬಿಟ್ಟ ಖಾಲಿ ಜಾಗ.

“ನಾನೂರ ಹದಿನೇಳು ಕ್ಲೀನ್ ಲಾಟು” ಎಂದಳು. “ಎರಡು ಸಲ ಟೆಸ್ಟ್ ಮಾಡಿದೀನಿ. ಅದರದೇ ಎರಡು ಕೆಜಿ ಸೀಲ್ ಮಾಡಿ ನನ್ನ ಫ್ರೀಜರಲ್ಲಿ ಇಟ್ಟಿದೀನಿ. ಅನುಮಾನ ಇದ್ರೆ ಯಾವ ಲ್ಯಾಬಿಗಾದ್ರೂ ಕಳಿಸಿ.”

“ಅದೂ ಒಂದೈತಲ್ಲ. ಆ ಎರಡು ಕೆಜಿ ಇವತ್ತೇ ಗುಂಡಿಗೆ ಓಗ್ಬೇಕು.”

ಹಾಸನದ ಕೈಗಾರಿಕಾ ಪ್ರದೇಶದ ಆ ಕಟ್ಟಡ ಮಂಜುನಾಥನ ಅಪ್ಪನ ಕಾಲಕ್ಕೆ ಬಿತ್ತನೆ ಆಲೂಗಡ್ಡೆಯ ಕೋಲ್ಡ್ ಸ್ಟೋರೇಜ್ ಆಗಿತ್ತು. ಅಂಗಮಾರಿ ರೋಗ ವರ್ಷವರ್ಷವೂ ಬಿದ್ದು, ಸುತ್ತಿನವರೆಲ್ಲ ಆಲೂಗಡ್ಡೆ ಬಿಟ್ಟು ಜೋಳಕ್ಕಿಳಿದ ಮೇಲೆ, ಖಾಲಿ ಬಿದ್ದ ತಣ್ಣನೆಯ ಕೋಣೆಗಳಿಗೆ ಏನು ತುಂಬುವುದೆಂದು ತಲೆಕೆಡಿಸಿಕೊಂಡ ಚನ್ನರಾಯಪಟ್ಟಣದ ಈ ಗೌಡರ ಮಗ ಶಿರಾಡಿ ಇಳಿದುಹೋಗಿ ಸೀಗಡಿ ಹಿಡಿದು ತಂದಿದ್ದ. ಕರಾವಳಿಯಿಂದ ಐಸು ತುಂಬಿದ ಲಾರಿಗಳು ಘಟ್ಟ ಹತ್ತಿ ಬರತೊಡಗಿದವು. ಬಿತ್ತನೆಗಡ್ಡೆ ಆರಿಸುತ್ತಿದ್ದ ಸಾಲಗಾಮೆಯ, ದಂಡಿಗನಹಳ್ಳಿಯ, ಅರಕಲಗೂಡಿನ ಹೆಂಗಸರೇ ಸೀಗಡಿಯ ತಲೆ ಮುರಿದು, ಸಿಪ್ಪೆ ಸುಲಿದು, ಬೆನ್ನಿನ ಕಪ್ಪು ನರ ತೆಗೆಯಲು ಕಲಿತರು. ಕಲಿತರೇ ಹೊರತು, ಒಬ್ಬಳನ್ನು ಬಿಟ್ಟರೆ, ಅದನ್ನು ಬಾಯಿಗಿಟ್ಟವರಿಲ್ಲ. ಕುರಿ ಕೋಳಿ ಬಿಡದ ಮನೆಯವರಿಗೂ ಸೀಗಡಿಯೆಂದರೆ ಹುಳ. “ಈ ಉಳುವ ಆ ದೇಸದೋರು ಅದೆಂಗ್ ತಿಂತಾರವ್ವ” ಎಂದು ಆಡಿಕೊಳ್ಳುತ್ತಲೇ ದಿನಕ್ಕೆ ಟನ್ನುಗಟ್ಟಲೆ ಸುಲಿದರು. ಮಂಜುನಾಥನೂ ಹದಿಮೂರು ವರ್ಷದಲ್ಲಿ ಒಂದು ಸೀಗಡಿ ನಾಲಗೆಗೆ ಸೋಕಿಸಿದವನಲ್ಲ.

ಈಗ ಸುಲಿಯುವ ಹಾಲ್‌ನ ಸ್ಟೀಲ್ ಮೇಜುಗಳು ಒಣಗಿ ಹತ್ತೊಂಬತ್ತು ದಿನವಾಗಿತ್ತು. ಕಂಟೇನರುಗಳೆರಡು ಸೀಗಡಿ ಕೊಳ್ಳುವ ದೇಶದ ಬಂದರಿನಿಂದ ವಾಪಸ್ಸಾಗಿ, ಕಾರ್ಖಾನೆಯ ಹೆಸರು ನಿಷೇಧದ ಪಟ್ಟಿ ಸೇರಿತ್ತು.

“ಡೆಲ್ಲೀಲಿ ನಮ್ಮ ಸಂಘದ ಮೀಟಿಂಗಾಯ್ತು” ಎಂದ ಮಂಜುನಾಥ, ಮಗುವಿಗೆ ಲೆಕ್ಕ ಹೇಳಿಕೊಡುವವನ ಹಾಗೆ. “ಒಬ್ಬ ದೊಡ್ಡ ಆಫೀಸರು ನಗ್ತಾ ಏಳ್ದ. ‘ನಿಮ್ಮ ಸೀಗಡಿಗೆ ಬಂದಿರೋದು ವಿಮಾನದ ಕಾಯಿಲೆ ಕಣ್ರಯ್ಯಾ’ ಅಂದ. ನಮ್ಮೋರು ಆ ದೇಶದಿಂದ ಅರವತ್ತು ಇಮಾನ ತಗತೀವಿ ಅಂತ ಮಾತಾಡಿದ್ರಂತೆ. ಆಮೇಲೆ ಇನ್ನೊಂದು ದೇಶದೋರ ಇಮಾನನೂ ನೋಡಾಕೆ ಓದ್ರು. ಅದೇ ವಾರ ನಮ್ಮ ಕಂಟೇನರ್ ವಾಪಸ್ಸು. ಈಗ ನಮ್ಮೋರು ಅಂತಾರೆ, ಮೊದ್ಲು ಸೀಗಡಿ ಒಳಗ್ ಬಿಡಿ, ಆಮೇಲೆ ಇಮಾನದ ಮಾತು. ಅವ್ರು ಅಂತಾರೆ, ಮೊದ್ಲು ಇಮಾನ. ನಡುವೆ ಕೊಳೀತಿರೋದು ನಾನು.”

“ಸೀಗಡಿ ಕೆಟ್ಟಿಲ್ಲ ಅಂತ ನಿಮಗೇ ಗೊತ್ತಿದೆಯಲ್ಲ. ಮತ್ತೆ ನನ್ನ ಕೈಲಿ ಯಾಕೆ ಬರೆಸ್ತೀರಿ?”

“ಗೊತ್ತಿರೋದ್ಕೇ ಬರೆಸ್ತಿರೋದು! ದೊಡ್ಡೋರ ಚೌಕಾಸಿ ಮುಗಿಯಾಕೆ ತಿಂಗಳಾಯ್ತದೋ ವರ್ಷ ಆಯ್ತದೋ. ಅಲ್ಲೀಗಂಟ ಕಾಯಾಕಾಯ್ತದಾ? ಯಾವ ಫ್ಯಾಕ್ಟರಿಯೋರು ‘ನಮ್ಮೋರೇ ಒಬ್ರು ತಪ್ಪು ಮಾಡವ್ರೆ, ಆಚೆ ಕಳಿಸಿದೀವಿ’ ಅಂತ ಬರ್ಕೊಡ್ತಾರೋ, ಅವ್ರುನ್ನ ಮೊದ್ಲು ಪಟ್ಟಿಯಿಂದ ಬಿಡ್ತಾರಂತೆ. ಅವ್ರಿಗೂ ಮುಖ ಉಳೀಬೇಕಲ್ಲ ಮೇಡಂ. ಸುಳ್ಳೇಳಿ ವಾಪಸ್ ಕಳಿಸಿದ್ವಿ ಅಂತಾರಾ?”

“ನನ್ನ ಮುಖ?”

“ನಿಮ್ದೇನು! ಯಜಮಾನ್ರು ಹೈಸ್ಕೂಲ್ ಮೇಷ್ಟ್ರು. ಮನೇಲಿ ಆರಾಮಾಗಿ ಕೂತ್ಕಳಿ.”

ರಂಜನಿ ಕಾಗದವನ್ನು ಅದೇ ಎರಡು ಬೆರಳಲ್ಲಿ ಹಿಂದಕ್ಕೆ ತಳ್ಳಿದಳು. ಈ ಸಹಿ ಬಿದ್ದರೆ ದೇಶದ ಯಾವ ಪ್ರಯೋಗಾಲಯದ ಬಾಗಿಲೂ ಅವಳಿಗೆ ತೆರೆಯುವುದಿಲ್ಲ. ಓದಿದ ಓದು, ಮಗಳು ಹಂಸಳಿಗೆ ಎಂಟು ತಿಂಗಳಾದಾಗಿನಿಂದ ಹೊಳೆನರಸೀಪುರದ ಬಸ್ಸಿನಲ್ಲಿ ನಿಂತು ಬಂದ ವರ್ಷಗಳು, ಎಲ್ಲಕ್ಕೂ ‘ನಿರ್ಲಕ್ಷ್ಯ’ ಎಂಬ ಒಂದೇ ಮಾತಿನ ಮೊಹರು.

“ಆಗಲ್ಲ.”

ಆ ಉತ್ತರಕ್ಕೇ ಕಾದಿದ್ದವನಂತೆ ಮಂಜುನಾಥ ಮೇಜಿನ ಡ್ರಾಯರಿನಿಂದ ಹಸಿರು ರಟ್ಟಿನ ದಪ್ಪ ಪುಸ್ತಕ ತೆಗೆದ. ಕಂಟೇನರಿಗೆ ಏರಿಸುವ ಮುಂಚೆ ಪ್ರತಿ ಲಾಟಿನ ಸೀಗಡಿಯನ್ನು ಬೇಯಿಸಿ ಬಣ್ಣ, ವಾಸನೆ, ರುಚಿ ನೋಡಿ ಹತ್ತಕ್ಕೆ ಎಷ್ಟೆಂದು ಬರೆಯುವ ರಿಜಿಸ್ಟರ್. ಪ್ರತಿ ಸಾಲಿನ ಕೊನೆಗೂ ಅವಳ ಸಹಿ.

“ಆರು ವರ್ಷ. ದಿನಕ್ಕೆ ನಾಲ್ಕೋ ಐದೋ ಲಾಟು. ಎಲ್ಲಾ ನೀವೇ ತಿಂದು ನಂಬರ್ ಆಕಿದೀರಿ, ಅಲ್ವಾ?” ಅವನು ಹಾಳೆಗಳನ್ನು ಮೆಲ್ಲಗೆ ಮಗುಚಿದ. “ಅಯ್ಯಂಗಾರ್ ಮನೇಲಿ ಉಟ್ಟಿ ಇಷ್ಟೊಂದು ಸೀಗಡಿ ತಿಂದೋರು ಹಾಸನ ಜಿಲ್ಲೇಲಿ ನೀವೊಬ್ರೇ ಇರ್ಬೇಕು. ನಿಮ್ಮತ್ತೆಗೆ ಗೊತ್ತೇನು?”

ರಂಜನಿ ಪುಸ್ತಕದಿಂದ ಕಣ್ಣು ತೆಗೆದಳು.

“ಸೈನ್ ಮಾಡಿದ್ರೆ ಒಂದು ತಪ್ಪು. ಮಾಡ್ದೇ ಇದ್ರೆ ಗುರುವಾರ ಈ ಪುಸ್ತಕ ಅವ್ರ ಮುಂದೆ ತೆಗೀತೀನಿ. ಆಗ ಎಂಟೊಂಬತ್ತು ಸಾವಿರ ತಪ್ಪು. ಯೋಚ್ನೆ ಮಾಡಿ.”

ಕೆಲಸಕ್ಕೆ ಸೇರಿದ ಮೊದಲ ದಿನವೇ ಆದದ್ದು ಅದು. ಬೇಯಿಸಿದ ಸೀಗಡಿಯ ತಟ್ಟೆ ಮುಂದಿಟ್ಟುಕೊಂಡು ರಂಜನಿ ಅಳುವಂತಾಗಿದ್ದಳು. ವಾಸನೆ ಕಂಡುಹಿಡಿಯುತ್ತಿದ್ದಳು, ಬಣ್ಣ ಗುರುತಿಸುತ್ತಿದ್ದಳು, ಬಾಯಿಗೆ ಹಾಕುವುದು ಮಾತ್ರ ಆಗಲೇ ಇಲ್ಲ. ಸುಲಿಯುವ ಸಾಲಿನ ಮೇಸ್ತ್ರಿ ಸುಬ್ಬಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಒಳಗೆ ಬಂದು, “ಕೊಡಿಲ್ಲಿ ಅಮ್ಮಾವ್ರೆ, ಅದೇನ್ ಇಸಾನಾ?” ಎಂದು ತಟ್ಟೆ ಕಸಿದುಕೊಂಡು ಒಂದನ್ನು ಅಗಿದಿದ್ದಳು. “ಸಿಹಿ ಐತೆ. ಒಸಿ ಕಾಯಿ ತುರಿ ಬಿದ್ರೆ ಇನ್ನೂ ಚೆಂದ.” ಅಂದಿನಿಂದ ಮೂಗು ರಂಜನಿಯದು, ನಾಲಗೆ ಸುಬ್ಬಮ್ಮನದು. ದಂಡಿಗನಹಳ್ಳಿಯ ಆ ಹೆಂಗಸಿನ ನಾಲಗೆ ಆರು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಕೆರೆಯ ಮಣ್ಣಿನ ವಾಸನೆ, ಐಸು ಕಡಿಮೆ ಬಿದ್ದ ಲಾರಿಯ ಹುಳಿ, ಎಲ್ಲ ಹೇಳುತ್ತಿದ್ದಳು. ಆದರೆ ರಿಜಿಸ್ಟರಿಗೆ ತರಬೇತಿಯಾದವರ ಸಹಿಯೇ ಬೇಕು. ಸುಬ್ಬಮ್ಮ ಓದಿದ್ದು ನಾಲ್ಕನೇ ಕ್ಲಾಸು. ತರಬೇತಿಗೆ ಕೊಚ್ಚಿಗೆ ಹೋಗಿ ಪ್ರಮಾಣಪತ್ರ ತಂದವಳು ರಂಜನಿ. ಆಮೇಲೆ ಬಡ್ತಿಯೂ ಅವಳಿಗೇ ಬಂತು.

ಈ ಸಂಗತಿ ಗೊತ್ತಿದ್ದದ್ದು ಇಬ್ಬರಿಗೆ. ತಾನು ಹೇಳಿಲ್ಲ.

ಹೊರಡುವ ಮುಂಚೆ ತನ್ನ ಫ್ರೀಜರಿಗೆ ಬೀಗ ಹಾಕಿ ಬೀಗದಕೈ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು. ದೊಡ್ಡ ಕೋಲ್ಡ್ ಸ್ಟೋರಿನ ಗೋಡೆಯಲ್ಲಿ ಹಗಲೂ ರಾತ್ರಿ ತಾಪಮಾನದ ಗೀರು ಎಳೆಯುವ ಯಂತ್ರದೊಳಗೆ ಹೊಸ ಕಾಗದದ ಸುರುಳಿ ಕೂತಿತ್ತು. ಸೋಮವಾರದಿಂದ ಶುರುವಾದ ಸುರುಳಿ. ಹಳೆಯದು ಮುಗಿಯಲು ಇನ್ನೂ ಹತ್ತು ದಿನವಿತ್ತಲ್ಲ ಅನ್ನಿಸಿತಾದರೂ ಆ ಹೊತ್ತಿಗೆ ಅದನ್ನು ಹಿಡಿದುಕೊಳ್ಳುವಷ್ಟು ತಲೆ ಅವಳಿಗೆ ಉಳಿದಿರಲಿಲ್ಲ.

ಹೊಳೆನರಸೀಪುರದ ಮನೆಯಲ್ಲಿ ಅವಳಿಗೆ ಮುಂಬಾಗಿಲಿಲ್ಲ. ಹಿತ್ತಿಲಿನಿಂದ ಬಂದು, ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬಕೆಟ್ಟಿಗೆ ಬಿಟ್ಟು ಆಮೇಲೆ ಒಳಗೆ. ಅತ್ತೆ ಶ್ರೀರಂಗಮ್ಮನ ಕಾನೂನು ಅದು. ಆರು ವರ್ಷದಿಂದ ಜ್ವರದ ದಿನವೂ ಸಡಿಲವಾಗಿರಲಿಲ್ಲ.

“ಕೆಲಸವೇ ಇಲ್ಲವಂತೆ, ಆದರೂ ನಾತ ಮಾತ್ರ ತಪ್ಪದೆ ತರ್ತೀಯ” ಎಂದರು ಶ್ರೀರಂಗಮ್ಮ, ದೂರದಿಂದಲೇ ಟವೆಲ್ ಎಸೆಯುತ್ತ.

ಒದ್ದೆ ತಲೆಯಲ್ಲೇ ಅಡಿಗೆಮನೆಯ ಹೊಸ್ತಿಲಲ್ಲಿ ಕುಸಿದು ಕೂತ ರಂಜನಿ, ಗಂಡ ಜಯಂತನಿಗೆ ಹೇಳಬೇಕೆಂದುಕೊಂಡಿದ್ದನ್ನು ಅತ್ತೆಗೇ ಹೇಳಿಬಿಟ್ಟಳು. ವಿಮಾನ, ಕಾಗದ, ರಿಜಿಸ್ಟರು, ಎಲ್ಲ. ಜಯಂತ ಟ್ಯೂಷನ್ ಮುಗಿಸಿ ಬರುವುದು ಇನ್ನೂ ತಡವಿತ್ತು. ಹಂಸ ಹೊರಗೆ ಜಗಲಿಯಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು.

“ಒಳ್ಳೇದೇ ಆಯ್ತು, ಬಿಟ್ಟು ಬಾ” ಎಂದೇ ಅನ್ನುತ್ತಾರೆ ಅಂದುಕೊಂಡಿದ್ದಳು. ಶ್ರೀರಂಗಮ್ಮ ಹುರುಳಿಕಾಯಿಯ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ.

“ಅಂದರೆ ನೀನು ತಿನ್ನಲಿಲ್ಲ.”

“ಇಲ್ಲ.”

“ತಿಂದೆ ಅಂತ ಬರೆದೆ.”

“ಹೂಂ.”

“ತಿಂದಿದ್ದರೆ ವಾಸಿಯಾಗಿತ್ತಲ್ಲೇ. ತಿಂದಿದ್ದರೆ ನಾಲ್ಕು ಚೊಂಬು ನೀರಿಗೆ ಹೋಗ್ತಿತ್ತು. ಬರೆದದ್ದು ಎಲ್ಲಿ ಹೋಗತ್ತೆ?” ಅವರ ದನಿಯಲ್ಲಿ ಕನಿಕರದ ಲವಲೇಶವೂ ಇರಲಿಲ್ಲ. “ಇನ್ನೊಬ್ಬಳ ಬಾಯಿ, ನಿನ್ನ ರುಜು. ಆ ಹೆಂಗಸಿಗೆ ಏನು ಕೊಟ್ಟೆ?”

“ಏನೂ ಇಲ್ಲ.”

“ಆ ಗೌಡನಿಗೆ ಗೊತ್ತಾಗಿದ್ದು ಹೇಗೆ ಅಂತ ಕೇಳ್ತಾ ಕೂತಿದೀಯಲ್ಲ. ಎದ್ದು ಅನ್ನಕ್ಕಿಡು. ಮಾಡದ ತಪ್ಪಿಗೆ ರುಜು ಹಾಕಿ ಬಂದರೆ ನಾಳೆಯಿಂದ ಹಿತ್ತಿಲ ಬಾಗಿಲೂ ತೆಗಿಯಲ್ಲ. ಮಾಡಿದ ತಪ್ಪಿಗೆ ಏನು ಮಾಡ್ತೀಯೋ ಅದು ನಿನ್ನ ಹಣೆಬರಹ.”

ಬುಧವಾರ ಗೇಟಿನ ಮುಂದೆ ಹೆಂಗಸರು ಗುಂಪುಗೂಡಿದ್ದರು. ಕೆಲಸವಿಲ್ಲದಿದ್ದರೂ ಬೆಳಗಿನ ಬಸ್ಸಿಗೇ ಬಂದವರು. ರಂಜನಿ ಹತ್ತಿರವಾಗುತ್ತಿದ್ದಂತೆ ಮಾತು ನಿಂತಿತು. ದಾರಿ ಮಾತ್ರ ಯಾರೂ ಬಿಡಲಿಲ್ಲ. ನಡುವಿನಿಂದ ಸುಬ್ಬಮ್ಮ ಮುಂದೆ ಬಂದಳು. ಐಸುನೀರಿನಲ್ಲಿ ವರ್ಷಗಟ್ಟಲೆ ನೆನೆದು ಬಿಳಿಚಿಕೊಂಡ ಬೆರಳುಗಳನ್ನು ಸೊಂಟದ ಮೇಲಿಟ್ಟು ನಿಂತಳು.

“ಸೈನ್ ಮಾಡಕುಲ್ಲ ಅಂದ್ರಂತೆ?”

“ಅದು ಸುಳ್ಳು ಕಾಗದ, ಸುಬ್ಬಮ್ಮ.”

“ಓಹೋ! ಸುಳ್ ಬರೆಯೋದು ನಿಮ್ಗೆ ಅಭ್ಯಾಸ ಇಲ್ವಾ ಪಾಪ?”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಹಳ್ಳಿಮೈಸೂರಿನ ರಂಜಿತಾ ಎಂಬ ಹೊಸ ಹುಡುಗಿ, “ನೀವ್ ಒಂದ್ ಗೀಟ್ ಎಳದ್ರೆ ಇನ್ನೂರ್ ಮನೆ ಒಲೆ ಉರೀತದೆ, ಅದೇನ್ ಕಳಕತೀರೋ!” ಎಂದು ಕೂಗಿದಳು.

“ಮಂಜುನಾಥಯ್ಯನಿಗೆ ಹೇಳಿದ್ದು ಯಾರು?” ರಂಜನಿ ಸುಬ್ಬಮ್ಮನನ್ನೇ ನೋಡಿದಳು.

“ನಾನೇ ಏಳ್ದೆ. ಏನೀಗ?”

“ಯಾಕೆ?”

“ಯಾಕಾ? ಆರ್ ವರ್ಸ ನಾಲ್ಗೆ ನಂದು, ಎಸರು ನಿಮ್ದು. ನೀವ್ ಕೊಚ್ಚಿಗ್ ಓಗಿ ಫೋಟೋ ತೆಗುಸ್ಕಂಡ್ ಬಂದ್ರಿ. ಮೇಲ್ನೋರಾದ್ರಿ. ನಾನು ಅದೇ ಬೂಟು, ಅದೇ ಮಂಡಿನೋವು. ಒಂದಿನ, ಒಂದೇ ಒಂದಿನ, ‘ಇದು ಸುಬ್ಬಮ್ಮ ನೋಡಿದ ರುಚಿ’ ಅಂತ ಯಾರ್ ಮುಂದಾದ್ರೂ ಅಂದಿದ್ರಾ?”

ರಂಜನಿಗೆ ಸಿಟ್ಟು ನೆತ್ತಿಗೇರಿತು. “ನಿನ್ನನ್ನ ನಾನು ನಂಬಿದ್ದೆ” ಎಂದಳು. ಸುಬ್ಬಮ್ಮನನ್ನು ಎಂದೂ ಏಕವಚನದಲ್ಲಿ ಕರೆದವಳಲ್ಲ.

“ನನ್ನ ನಾಲ್ಗೆ ನಂಬಿದ್ರಿ. ನನ್ನಲ್ಲ.” ಸುಬ್ಬಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. “ಓಗಿ. ಇಮಾನದೋರು ನಾಳಿಕ್ ಬತ್ತಾರೆ. ನಮ್ ಒಟ್ಟೆ ಮೇಲೆ ಇಮಾನ ಆರಿಸ್ತಾವ್ರಲ್ಲ, ಅದ್ರಾಗ್ ನೀವೂ ಒಂದ್ ಸೀಟಿಡ್ಕಳಿ.”

ಪ್ರಯೋಗಾಲಯದಲ್ಲಿ ಕೂತು ರಂಜನಿ ಮಧ್ಯಾಹ್ನದವರೆಗೆ ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಕೊನೆಗೆ ಉಳಿದದ್ದು ಎರಡು ಪ್ಯಾರಾ. ಮೊದಲನೆಯದು: ಲಾಟ್ ನಾನೂರ ಹದಿನೇಳರ ನನ್ನ ಪರೀಕ್ಷೆ ಸರಿಯಾಗಿದೆ, ಎರಡು ಕೆಜಿ ಮಾದರಿ ಸೀಲ್ ಆಗಿ ನನ್ನ ಬಳಿ ಇದೆ, ದಯವಿಟ್ಟು ತೆರೆದು ನೋಡಿ. ಎರಡನೆಯದು: ಆರು ವರ್ಷದಿಂದ ರುಚಿಯ ಕಾಲಮ್ಮಿನಲ್ಲಿ ನಾನು ಹಾಕಿದ ಸಹಿ ನಿಜವಲ್ಲ, ರುಚಿ ನೋಡಿದವರು ಸುಬ್ಬಮ್ಮ, ದಂಡಿಗನಹಳ್ಳಿ, ಅವರು ಕೊಟ್ಟ ಅಭಿಪ್ರಾಯ ಒಂದೂ ತಪ್ಪಿಲ್ಲ. ಮಂಜುನಾಥನಿಗೆ ತೋರಿಸದೆ ರಫ್ತು ಪರಿಶೀಲನಾ ಕಚೇರಿಗೆ ಮೇಲ್ ಮಾಡಿದಳು. ಮಂಜುನಾಥನ ಡ್ರಾಯರಿನಲ್ಲಿದ್ದ ಹಸಿರು ಪುಸ್ತಕ ಆ ಗಳಿಗೆಯಿಂದ ಬರಿಯ ಪುಸ್ತಕವಾಯಿತು.

ಗುರುವಾರ ಹತ್ತಕ್ಕೆ ಆ ದೇಶದ ಕಡೆಯಿಂದ ತಪಾಸಣೆಗೆ ಬಂದವನು ಒಬ್ಬನೇ. ತೆಳ್ಳನೆಯ, ನೀಳ ಕತ್ತಿನ ಮನುಷ್ಯ. ಕೈಯಲ್ಲಿ ಥರ್ಮಾಮೀಟರು, ಮುಖದಲ್ಲಿ ಯಾವ ಭಾವವೂ ಇಲ್ಲ. ಜೊತೆಗೆ ನಮ್ಮ ಪರಿಶೀಲನಾ ಕಚೇರಿಯ ಅಧಿಕಾರಿ ರಜನೀಶ್, ಕೈಯಲ್ಲಿ ರಂಜನಿಯ ಇ-ಮೇಲಿನ ಪ್ರಿಂಟು.

“ನಿಮ್ಮ ತಲೆ ಮೇಲೆ ನೀವೇ ಕಲ್ಲೆಳಕೊಂಡಿದೀರಿ” ಎಂದ ರಜನೀಶ್ ಕನ್ನಡದಲ್ಲಿ, ಮೆಲ್ಲಗೆ. ಪ್ರಿಂಟು ಕಸಿದು ಓದಿದ ಮಂಜುನಾಥನ ಕತ್ತಿನ ನರ ಉಬ್ಬಿತು.

“ಏನ್ರೀ ಇದು? ಅನ್ನ ಆಕಿದ ಮನೆಗೆ ಬೆಂಕಿ ಇಟ್ರಲ್ರೀ!”

“ನೀವು ತೆಗೀಬೇಕು ಅಂತಿದ್ದ ಪುಸ್ತಕ, ನಾನೇ ತೆಗೆದೆ.”

ಪರದೇಶದವನು ಇಬ್ಬರ ಮುಖವನ್ನೂ ನೋಡಿದ. ವಿಷಯ ಕೇಳಿ ತಿಳಿದುಕೊಂಡ. ನಾನೂರ ಹದಿನೇಳರ ಮಾದರಿಯ ಮಾತು ಬಂದಾಗ ತಲೆಯಾಡಿಸದೆ ಮುಂದೆ ಹೋದ. ರುಚಿಯ ಮಾತು ಬಂದಾಗ ಕಣ್ಣು ಚುರುಕಾದವು. ಹುಡುಕಿಕೊಂಡು ಬಂದದ್ದು ಸಿಕ್ಕಿತ್ತು. ಕೋಲ್ಡ್ ಸ್ಟೋರಿನೊಳಗೆ ಹೋಗಿ ತಾನೇ ಮೂರು ಪ್ಯಾಕೆಟ್ ಆರಿಸಿ ತಂದು ಮೇಜಿನ ಮೇಲಿಟ್ಟ. ಆ ಹೆಂಗಸನ್ನು ಕರೆಯಿರಿ, ಎಂದ.

ಕಾರಿಡಾರಿನಲ್ಲಿ ಮಂಜುನಾಥ ಸುಬ್ಬಮ್ಮನ ಕಿವಿಗೆ ಬಾಗಿದ್ದು ರಂಜನಿಗೆ ಕೇಳಿಸಿತು. “ಏನ್ ಕೊಟ್ರೂ ಚೆನ್ನಾಗೈತೆ ಅನ್ನು. ತಿಳೀತಾ? ಬ್ಯಾರೆ ಮಾತಾಡ್ಬ್ಯಾಡ.”

ಆಚೆ ಸುಲಿಯುವ ಹಾಲ್‌ನಲ್ಲಿ ಹೆಂಗಸರು ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಮೂರು ತಟ್ಟೆಯ ಸೀಗಡಿ ಮೂರು ಮೂರು ನಿಮಿಷ ಬೆಂದಿತು. ಸುಬ್ಬಮ್ಮ ಕೈ ತೊಳೆದು, ಬಾಯಿ ಮುಕ್ಕಳಿಸಿ, ಸೆರಗು ಸಿಕ್ಕಿಸಿಕೊಂಡು ಕೂತಳು. ಆ ಕೋಣೆಯಲ್ಲಿ ಆರು ವರ್ಷ ನಿಂತೇ ರುಚಿ ನೋಡಿದ್ದವಳು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

ಮೊದಲನೆಯ ತಟ್ಟೆ. “ಸಿಹಿ ಐತೆ. ಚೆನ್ನಾಗೈತೆ.”

ಎರಡನೆಯದು. “ಕೆರೆ ಮಣ್ಣಿನ ವಾಸ್ನೆ ಒಸಿ ಬತ್ತದೆ. ತಿನ್ಬೋದು.”

ಮೂರನೆಯದನ್ನು ಬಹಳ ಹೊತ್ತು ಅಗಿದಳು. ಒಮ್ಮೆ ಮಂಜುನಾಥನ ಕಡೆ ನೋಡಿದಳು, ಒಮ್ಮೆ ಗಾಜಿನ ಕಡೆ. ಆಮೇಲೆ ಅಂಗೈಗೆ ಉಗುಳಿದಳು.

“ಇದು ಒಂದ್ಸಲ ಕರಗ್ಬುಟ್ಟು ಮತ್ತೆ ಗಡ್ಡೆ ಕಟ್ಟೈತೆ. ನೀರೆಲ್ಲ ಓಗಿ ನಾರಾಗೈತೆ. ಕಡೇಲಿ ನಾಲ್ಗೆ ಕೆರೀತದೆ.”

ರಂಜನಿಗೆ ತಾಪಮಾನದ ಯಂತ್ರ ನೆನಪಾಯಿತು. ಹೊಸ ಸುರುಳಿ! ಶನಿವಾರ ರಾತ್ರಿ ಕೈಗಾರಿಕಾ ಪ್ರದೇಶದಲ್ಲಿ ಕರೆಂಟು ಹೋಗಿದ್ದು ಬೆಳಗಿನವರೆಗೂ ಬಂದಿರಲಿಲ್ಲವೆಂದು ಬಸ್ಸಿನಲ್ಲಿ ಯಾರೋ ಮಾತಾಡಿಕೊಂಡಿದ್ದರು. ಬಾಗಿಲು ಮುಚ್ಚಿದ ಕಾರ್ಖಾನೆಗೆ ಡೀಸೆಲ್ ಸುಡುವುದೇಕೆಂದು ಮಂಜುನಾಥ ಜನರೇಟರ್ ಹಾಕಿಸಿಲ್ಲ. ಏರಿದ ಗೀರು ಕಾಣಬಾರದೆಂದು ಸುರುಳಿಯನ್ನೇ ಬದಲಿಸಿದ್ದಾನೆ. ಪ್ಯಾಕೆಟ್ಟಿನ ಮೇಲಿನ ನಂಬರ್ ನೋಡಿದಳು: ನಾನೂರ ಮೂವತ್ತೊಂದು, ಸ್ಟೋರಿನ ಬಾಗಿಲಿಗೆ ಹತ್ತಿರದ ರಾಶಿ.

ರಜನೀಶ್ ಅನುವಾದ ಮಾಡಿದ. ಪರದೇಶದವನು ಎದ್ದುಹೋಗಿ ಯಂತ್ರದ ಗಾಜು ತಟ್ಟಿದ. “ಇದರ ಹಿಂದಿನ ಸುರುಳಿ ಎಲ್ಲಿ?”

“ಅದು... ಇಲಿ...” ಮಂಜುನಾಥನ ಇಂಗ್ಲಿಷು ಅಷ್ಟಕ್ಕೇ ನಿಂತಿತು.

ಪರದೇಶದವನು ಪೆನ್ನಿನ ಮುಚ್ಚಳ ತೆಗೆದ. ಆಗಲೇ ಅವನ ಫೋನು ಮೊಳಗಿತು. ಕಿವಿಗಿಟ್ಟುಕೊಂಡು ಹೊರಗೆ ಹೋದ. ಗಾಜಿನ ಮೂಲಕ ಅವನ ಬೆನ್ನು ಕಾಣುತ್ತಿತ್ತು. ಆ ಬೆನ್ನು ನೆಟ್ಟಗಾಯಿತು, ಆಮೇಲೆ ನಗುವವರ ಬೆನ್ನಿನಂತೆ ಕುಲುಕಿತು. ಅಷ್ಟರಲ್ಲಿ ರಜನೀಶನ ಫೋನಿಗೂ ಸುದ್ದಿ ಬಂದು, ಅವನು ಹುಬ್ಬೇರಿಸಿ ಓದಿದ.

“ಡೆಲ್ಲೀಲಿ ಸಹಿ ಆಯ್ತಂತೆ ಸಾರ್. ಅರವತ್ತಲ್ಲ, ಅರವತ್ನಾಲ್ಕು ವಿಮಾನ. ಸೀಗಡಿ ಮೇಲಿನ ತಡೆ ಇವತ್ತಿಂದಲೇ ತೆಗೆದ್ರಂತೆ.”

ಒಳಗೆ ಬಂದ ಪರದೇಶದವನು ಬೇರೆಯೇ ಮನುಷ್ಯನಾಗಿದ್ದ. ಕುರ್ಚಿ ಎಳೆದು ಕೂತು, ಕಾಫಿ ಸಿಗುತ್ತದೆಯೇ ಎಂದು ಕೇಳಿದ. ತಪಾಸಣೆಯ ಪಟ್ಟಿಯ ಎಲ್ಲ ಚೌಕಗಳಿಗೂ ಒಂದೇ ಬೀಸಿನಲ್ಲಿ ಟಿಕ್ ಹಾಕಿದ. ಮೂರನೆಯ ತಟ್ಟೆಯನ್ನು ಮೊಣಕೈಯಿಂದ ಅತ್ತ ಸರಿಸಿ ಫೈಲಿಗೆ ಜಾಗ ಮಾಡಿಕೊಂಡ.

ರಂಜನಿ ಬೀಗದಕೈ ಹಿಡಿದು ಅವನ ಮುಂದೆ ನಿಂತಳು. “ನಾನೂರ ಹದಿನೇಳು. ನೀವು ವಾಪಸ್ ಕಳಿಸಿದ ಲಾಟು. ಅದರ ಮಾದರಿ ಇಲ್ಲೇ ಇದೆ. ಈಗಲೇ ತೆಗೀತೀನಿ, ನೋಡಿ.”

“ಯಾವ ಲಾಟು?” ಎಂದ ಅವನು ಇಂಗ್ಲಿಷಿನಲ್ಲಿ, ಸೌಜನ್ಯವಾಗಿಯೇ. “ಆ ಬಗ್ಗೆ ನಮ್ಮ ಕಡೆಯಿಂದ ಈಗ ಯಾವ ತಕರಾರೂ ಇಲ್ಲ.”

“ಹಾಗಾದರೆ ಅದು ಕೆಟ್ಟಿರಲಿಲ್ಲ ಅಂತ ಬರೆದುಕೊಡಿ.”

“ಬರೆಯುವಂಥದ್ದು ಏನೂ ಇಲ್ಲ” ಎಂದು ಅವನು ಕಾಫಿ ಊದಿಕೊಂಡ.

ಅವನ ಕಾರು ಹೋದ ಮೇಲೆ ರಜನೀಶ್ ಹಿಂದೆ ಉಳಿದ. “ಮೇಡಂ, ಅವರಿಗೆ ನಿಮ್ಮ ಕಾಗದ ಬೇಡದೇ ಇರಬಹುದು. ನಮ್ಮ ಕಚೇರಿಗೆ ಮೇಲ್ ಬಂದಾಗಿದೆ. ವಿಚಾರಣೆ ಮುಗಿಯೋವರೆಗೂ ನೀವು ಯಾವ ರಿಪೋರ್ಟಿಗೂ ಸಹಿ ಮಾಡೋ ಹಾಗಿಲ್ಲ. ಇನ್ನು ತಿಂದವರೇ ಸಹಿ ಮಾಡ್ಬೇಕು, ರುಚಿಯ ಕಾಲಂ ತಾತ್ಕಾಲಿಕವಾಗಿ ಆಯಮ್ಮನ ಹೆಸರಲ್ಲೇ ನಡೀಲಿ. ನೀವೇ ಬರೆದಿದೀರಲ್ಲ, ತಪ್ಪೋದಿಲ್ಲ ಅಂತ.”

ಇಷ್ಟೆಲ್ಲ ಆದ ಮೇಲೆ, ಶಿಕ್ಷೆಯಾದದ್ದು ರುಚಿಯ ನಿಜ ಹೇಳಿದ ಆ ಎರಡನೆಯ ಪ್ಯಾರಾಕ್ಕೆ ಮಾತ್ರ. ರಂಜನಿ ತಲೆಯಾಡಿಸಿದಳು. ಅದು ಅವಳು ಮಾಡಿದ್ದ ತಪ್ಪೇ ಆಗಿತ್ತು.

ಮಂಜುನಾಥನ ಮುಖ ಮಾತ್ರ ಹಬ್ಬದ ಮುಖವಾಗಿತ್ತು. “ಕಂಟೇನರ್ ಕರೆಸ್ರೋ! ಸ್ಟೋರಲ್ಲಿರೋದೆಲ್ಲ ಸಂಜೆ ಒಳಗೆ ಲೋಡ್ ಆಗ್ಬೇಕು. ಮೊದ್ಲು ನಾನೂರ ಮೂವತ್ತೊಂದು ಓಗ್ಲಿ.” ಹಸಿರು ರಿಜಿಸ್ಟರನ್ನು ಸುಬ್ಬಮ್ಮನ ಮುಂದೆ ಬಿಚ್ಚಿ ಪೆನ್ನಿಟ್ಟ. “ತಗಾ. ನಿನ್ ಆಸೆನೂ ಆಗೋಯ್ತು. ರುಚಿ ಅಂತ ಐತಲ್ಲ, ಅಲ್ಲಿ ಎಂಟು ಅಂತ ಆಕು, ಪಕ್ದಲ್ಲಿ ನಿನ್ನೆಸರು ಬರಿ.”

“ಅದು ಕೆಟ್ಟಿದೆ ಅಂತ ಈಗಷ್ಟೇ ಹೇಳಿದರಲ್ಲ” ಎಂದಳು ರಂಜನಿ.

“ನಿಮ್ಗೇನ್ರೀ ಇನ್ನ ಇಲ್ಲಿ ಕೆಲ್ಸ? ತಗಳೋರೇ ಓಕೆ ಅಂದವ್ರೆ!”

“ಅವರು ಓಕೆ ಅಂದದ್ದು ವಿಮಾನಕ್ಕೆ. ಇದನ್ನ ಅಲ್ಲಿ ಯಾರದೋ ಮಕ್ಕಳು ತಿಂತಾರೆ.”

ಗಾಜಿನ ಬಾಗಿಲು ತೆರೆದುಕೊಂಡು ಹೆಂಗಸರು ಒಳಗೇ ಬಂದಿದ್ದರು. “ಬರೀ ಸುಬ್ಬಕ್ಕ, ಬರೀ” ಎಂದು ರಂಜಿತಾ ಗೋಗರೆದಳು. “ಲೋಡಾದ್ರೆ ನಾಳಿಕೆ ಕೆಲ್ಸ ಕಣಕ್ಕ.”

ಸುಬ್ಬಮ್ಮ ಪೆನ್ನು ಹಿಡಿದುಕೊಂಡು ಹಾಳೆಯನ್ನೇ ನೋಡುತ್ತ ಕೂತಳು. ಮೇಲಿನ ಸಾಲುಗಳಲ್ಲೆಲ್ಲ ರಂಜನಿಯ ದುಂಡು ಸಹಿ. ತಲೆಯೆತ್ತದೆ ಕೇಳಿದಳು.

“ಇಂಥದ್ಕೆ ನೀವು ಎಷ್ಟ್ ಆಕ್ತಿದ್ರಿ?”

“ಎರಡು.”

“ಆಕಿದ್ರೆ ಏನಾಯ್ತದೆ?”

“ಗುಂಡಿಗೆ ಹೋಗತ್ತೆ.”

ಸುಬ್ಬಮ್ಮ ನಿಧಾನಕ್ಕೆ ಎರಡು ಎಂದು ಬರೆದಳು. ಅದರ ಪಕ್ಕದಲ್ಲಿ ಒಂದೊಂದೇ ಅಕ್ಷರ ಕೊರೆದಂತೆ ತನ್ನ ಹೆಸರು ಬರೆದಳು. ಒತ್ತಕ್ಷರ ಮರೆತು, ಮತ್ತೆ ನೆನಪಾಗಿ ಕೆಳಗೆ ಸೇರಿಸಿದಳು. ಹೆಂಗಸರ ಗುಂಪಿನಿಂದ ಬೈಗುಳವೊಂದು ಸಿಡಿಯಿತು.

“ನಿಮ್ಗೋಸ್ಕರ ಅಲ್ಲ ಕಣಮ್ಮ” ಎಂದಳು ರಂಜನಿಯ ಕಡೆ ತಿರುಗಿ, ನಿನ್ನೆಯ ಅದೇ ಕಣ್ಣಿನಲ್ಲಿ. “ನಿಮ್ ಮ್ಯಾಲಿನ್ ಸಿಟ್ಟು ಅಂಗೇ ಐತೆ. ಮೊದಲ್ನೇ ದಿನಾನೇ ನನ್ನೆಸ್ರಲ್ಲಿ ಸುಳ್ ಬರೆಯಾಕಾಯ್ತದಾ?”

“ಏನ್ ಮಾಡ್ದೆ ಲೇ!” ಮಂಜುನಾಥ ಪುಸ್ತಕ ಕಿತ್ತುಕೊಂಡ. “ನೀನಲ್ದಿದ್ರೆ ಇನ್ನೊಬ್ರು. ಕೊಡಿಲ್ಲಿ, ನಾನೇ ಆಕ್ತೀನಿ ಎಂಟು!”

ಸುಬ್ಬಮ್ಮ ಮೂರನೆಯ ತಟ್ಟೆಯನ್ನು ಎರಡು ಬೆರಳಲ್ಲಿ ಮೇಜಿನ ಮೇಲೆ ಅವನ ಮುಂದಕ್ಕೆ ತಳ್ಳಿದಳು.

“ಆಕಿ ಸಾ. ಅದ್ಕೇನಂತೆ. ಆದ್ರೆ ತಿಂದೋರೇ ಸೈನ್ ಮಾಡ್ಬೇಕು ಅಂತ ಈಗ್ತಾನೆ ಆಫೀಸರ್ ಏಳೋದ್ರಲ್ಲ. ಅಗೋ, ಇನ್ನೂ ಬಾಗ್ಲಲ್ಲೇ ಅವ್ರೆ.”

ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದ ರಜನೀಶ್ ತಿರುಗಿ ನೋಡಿದ. ಮಂಜುನಾಥ ಒಂದು ಸೀಗಡಿಯನ್ನು ಬಾಲ ಹಿಡಿದು ಎತ್ತಿದ. ತಣ್ಣಗಾಗಿ ಮುದುರಿಕೊಂಡಿತ್ತು. ತುಟಿಯ ಹತ್ತಿರ ತಂದ. ಇನ್ನೂರು ಹೆಂಗಸರು ಬಯ್ಯುವುದನ್ನೂ ಮರೆತು ನೋಡುತ್ತಿದ್ದರು.

“ಉಳ ಕಣಪ್ಪೋ” ಎಂದು ಹಿಂದಿನಿಂದ ಯಾರೋ ಅಂದರು.

ಅವನು ಅದನ್ನು ತಟ್ಟೆಗೆ ಬಿಸಾಡಿ ಬಚ್ಚಲಿನ ಕಡೆ ಓಡಿದ.

ರಿಜಿಸ್ಟರಿನಲ್ಲಿ ಸುಬ್ಬಮ್ಮ ಬರೆದ ಎರಡೇ ಉಳಿಯಿತು. ನಾನೂರ ಮೂವತ್ತೊಂದು ಆ ಸಂಜೆ ಕಂಟೇನರ್ ಹತ್ತಲಿಲ್ಲ; ಗುಂಡಿಗೆ ಹೋಯಿತು, ಮೇಲೆ ಸುಣ್ಣ ಬಿತ್ತು. ರಂಜನಿ ಬಿಳಿ ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಫ್ರೀಜರಿನ ಬೀಗದಕೈಯನ್ನು ಯಾರಿಗೆ ಕೊಡುವುದೆಂದು ಒಂದು ಗಳಿಗೆ ನಿಂತು, ಸುಬ್ಬಮ್ಮನ ಮುಂದಿಟ್ಟಳು. ಸುಬ್ಬಮ್ಮ ಅದನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೆಂಗಸರು ಇಂದೂ ದಾರಿ ಬಿಡಲಿಲ್ಲ. ಅವಳೇ ಪಕ್ಕಕ್ಕೆ ಸರಿದು, ಗೋಡೆಗೆ ಭುಜ ಉಜ್ಜಿಕೊಂಡು ಗೇಟು ದಾಟಿ ಐದೂವರೆಯ ಬಸ್ಸಿಗೆ ನಿಂತಳು. ಸೀಟು ಸಿಗಲಿಲ್ಲ.